ಯಾಲಕ್ಕಿಯ ಊರಿಗೆ ಬಂದ ಲ್ಯಾವೆಂಡರ್

ಹಾವೇರಿಯನ್ನು ಯಾಲಕ್ಕಿಯ ಕಂಪಿನ ಊರೆಂದು ಕರೆಯುವದು ನಾಡಿನಲ್ಲೆಲ್ಲ ರೂಢಿಯಾಗಿದೆ. ಆದರೆ ಹಾವೇರಿಯ ಎರೆಹೊಲಗಳಲ್ಲಿ ಯಾಲಕ್ಕಿ ಬೆಳೆಯುವದಿಲ್ಲ. ಅದು ಮಲೆನಾಡಿನ ತಂಪು ನೆರಳಿನ ಬೆಳೆ. ಘಟ್ಟದ ಕಾಡಿನಲ್ಲಿಯೂ ಅಡಿಕೆಯ ತೋಟಗಳಲ್ಲಿಯೂ ಹುಟ್ಟಿ, ಬಯಲುಸೀಮೆಯ ಬಾಗಿಲಿನಲ್ಲಿರುವ ಈ ಪೇಟೆಗೆ ಅದು ಹಿಂದಿನ ಕಾಲದಲ್ಲಿ ಚೀಲಗಟ್ಟಲೆ ಇಳಿದು ಬರುತ್ತಿದ್ದಿತು. ಇಲ್ಲಿಯ ಹೆಂಗಸರು ಅದನ್ನು ಅಂಟವಾಳ ಸೀಗೆಕಾಯಿಗಳ ನೊರೆಯಲ್ಲಿ ತಿಕ್ಕಿ ತೊಳೆದು, ಬೆಳ್ಳಗೆ ಮಾಡಿ, ನೆರಳು ಬಿಸಿಲುಗಳಲ್ಲಿ ಆರಿಸುತ್ತಿದ್ದರು. ಊರಿನ ಒಂದು ಬಾವಿಯ ನೀರಿನಲ್ಲಿ ತೊಳೆದ ಕಾಯಿಗೆ ಬಣ್ಣವೂ ರುಚಿಯೂ ಹೆಚ್ಚೆಂಬ ನಂಬಿಕೆಯಿದ್ದಿತು. ಆ ನಂಬಿಕೆ ಬ್ರಿಟಿಷ ಅಧಿಕಾರಿಗಳ ಬರವಣಿಗೆಯಲ್ಲಿಯೂ ಸೇರಿಹೋಗಿದೆ. ಹೀಗೆ ಬೆಳೆಯದ ಪದಾರ್ಥಕ್ಕೆ ಒಂದು ಊರು ಹೆಸರಾಯಿತು.

ಈಗ ಆ ತೊಳೆಯುವ ಕೆಲಸ ಹಿಂದಿನಂತೆ ಉಳಿದಿಲ್ಲ. ಉಳಿದಿರುವದು ಮಾಲೆ. ಬಿಳುಪು ಮಾಡಿದ ಕಾಯಿಗಳನ್ನು ಒಂದೊಂದಾಗಿ ದಾರಕ್ಕೆ ಪೋಣಿಸಿ, ನಡುನಡುವೆ ಬಣ್ಣದ ನೂಲು ಜರಿಗಳ ಕುಸುರಿಯಿಟ್ಟು ಕಟ್ಟುವ ಯಾಲಕ್ಕಿ ಮಾಲೆಯು ಹಾವೇರಿಯ ಕೆಲವೇ ಮನೆತನಗಳ ಕೈಯಲ್ಲಿದೆ. 2023ರ ಜನೇವರಿ 6ರಿಂದ 8ರ ವರೆಗೆ ಎಂಬತ್ತಾರನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಹಾವೇರಿಯಲ್ಲಿ ನೆರೆದಾಗ ದೂರದಿಂದ ಬಂದ ಜನರು ಈ ಮಾಲೆಯನ್ನು ಹುಡುಕಿಕೊಂಡು ಹೋದದ್ದು ಸಹಜವೇ. ಮಾಲೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಯಾಲಕ್ಕಿಯ ಕಂಪು ಸಿಪ್ಪೆಯಲ್ಲಿಲ್ಲ. ಒಳಗಿನ ಕರಿಯ ಬೀಜಗಳಲ್ಲಿದೆ. ತೊಳೆದದ್ದು, ಬೆಳ್ಳಗಾದದ್ದು, ಪೋಣಿಸಲ್ಪಟ್ಟದ್ದು ಎಲ್ಲವೂ ಸಿಪ್ಪೆ. ಕಣ್ಣಿಗೆ ಬೇಕಾದದ್ದು ಒಂದು, ಮೂಗಿಗೆ ಬೇಕಾದದ್ದು ಇನ್ನೊಂದು.

ಬ್ಯಾಡಗಿಯ ಮಾತೂ ಹೆಚ್ಚು ಕಡಿಮೆ ಇದೇ. ಅಲ್ಲಿಯ ಪೇಟೆಗೆ ಬರುವ ಮೆಣಸಿನಕಾಯಿಯಲ್ಲಿ ಬಹುಪಾಲು ಹೊರ ಜಿಲ್ಲೆಗಳದು, ಆಂಧ್ರದ ಸೀಮೆಯದು. ಆದರೂ ಹೆಸರು ಬ್ಯಾಡಗಿಯದೇ. 2011ರಲ್ಲಿ ಆ ಹೆಸರಿಗೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಕಡ್ಡಿ ಡಬ್ಬಿ ಎಂಬ ಎರಡು ಬಗೆಗಳಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪನ್ನು ಕಾರಖಾನೆಗಳಲ್ಲಿ ದ್ರಾವಕದಿಂದ ಹಿಂಡಿ ತೆಗೆದು ಓಲಿಯೋರೆಸಿನ್ ಎಂಬ ಗಟ್ಟಿ ದ್ರವವನ್ನು ಮಾಡುವರು; ತಿಂಡಿಯ ಬಣ್ಣಕ್ಕೂ ತುಟಿಯ ಬಣ್ಣಕ್ಕೂ ಅದು ಬೇಕು. ದ್ರಾವಕವೇ ಯಾಕೆ ಬೇಕೆಂದರೆ, ಮೆಣಸಿನಕಾಯಿಯ ಬಣ್ಣವಾಗಲಿ ಖಾರವಾಗಲಿ ನೀರಿನ ಉಗಿಯ ಜೊತೆಯಲ್ಲಿ ಏಳುವದಿಲ್ಲ. ಯಾಲಕ್ಕಿಯ ಕಂಪಾದರೋ ಏಳುತ್ತದೆ. ಈ ಒಂದು ಭೇದದ ಮೇಲೆ ಜಗತ್ತಿನ ಸುಗಂಧ ತೈಲಗಳ ವ್ಯಾಪಾರವೆಲ್ಲ ನಿಂತಿದೆ.

ಇಂಥ ಸೀಮೆಗೆ ಈಚಿನ ಕೆಲವು ವರುಷಗಳಲ್ಲಿ ಒಂದು ಹೊಸ ಕಂಪು ಬಂದಿದೆ. ಹೆಬ್ಬೆರಳಿನಷ್ಟು ದೊಡ್ಡದಾದ ಕಂದುಬಣ್ಣದ ಸೀಸೆ, ಅದರ ಮೇಲೆ ನೇರಿಳೆ ಹೂವಿನ ಚಿತ್ರ, ಲ್ಯಾವೆಂಡರ್ ಎಂಬ ಹೆಸರು. ಹುಬ್ಬಳ್ಳಿ ಬೆಂಗಳೂರುಗಳಿಂದ ಊರಿಗೆ ಬರುವ ಮಕ್ಕಳ ಚೀಲದಲ್ಲಿ, ಅಥವಾ ಟಪಾಲಿನ ಪೆಟ್ಟಿಗೆಯಲ್ಲಿ, ಅದು ಓದುಬಲ್ಲ ಮನೆಗಳನ್ನು ಹೊಕ್ಕಿದೆ. ನಿದ್ರೆ ಬಾರದವರಿಗೆ ನಿದ್ರೆ, ತಲೆನೋವಿಗೆ ಶಮನ, ಗಾಯಕ್ಕೆ ಮದ್ದು, ಕೂದಲಿಗೆ ಪುಷ್ಟಿ, ಮನಸ್ಸಿಗೆ ಶಾಂತಿ, ಸೊಳ್ಳೆಗಳಿಗೆ ಉಚ್ಚಾಟನೆ ಎಂದು ಮಾರುವವರು ಹೇಳದ ಗುಣವಿಲ್ಲ. ಈ ವಿದ್ಯೆಗೆ ಅರೋಮಾಥೆರಪಿ, ಎಂದರೆ ಗಂಧಚಿಕಿತ್ಸೆ, ಎಂದು ಹೆಸರು. ಒಂದೇ ಸೀಸೆಯಲ್ಲಿ ಇಷ್ಟು ಗುಣಗಳಿದ್ದರೆ ಯಾವದೋ ಒಂದು ಗುಣವಾದರೂ ನಿಜವಿರಬೇಕು ಎಂದು ಉದಾರಿಗಳು ತಿಳಿಯುವರು. ಯಾವದೂ ನಿಜವಿರಲಾರದು ಎಂದು ಸಂಶಯವಾದಿಗಳು ತಿಳಿಯುವರು. ಈ ವಿಷಯದಲ್ಲಿ ಉದಾರಿಗಳ ಕಡೆಗೆ ತುಸು ಹೆಚ್ಚಿನ ನ್ಯಾಯವಿದೆ. ಆದರೆ ಅವರು ಎಣಿಸಿದ ಸ್ಥಳದಲ್ಲಿ ಅದು ಇಲ್ಲ.

ಲ್ಯಾವೆಂಡರ್ ತುಳಸಿಯ ಕುಲಕ್ಕೆ ಸೇರಿದ ಸಣ್ಣ ಪೊದೆ. ಮೆಡಿಟರೇನಿಯನ್ ಸಮುದ್ರದ ಬದಿಯ ಒಣ ಗುಡ್ಡಗಳು ಅದರ ತವರು. ಫ್ರಾನ್ಸ್ ಮತ್ತು ಬಲ್ಗೇರಿಯ ದೇಶಗಳಲ್ಲಿ ಅದರ ಬೇಸಾಯ ವಿಶೇಷ. ಈ ದೇಶದಲ್ಲಿ ಜಮ್ಮು ಕಾಶ್ಮೀರದ ಡೋಡಾ ಜಿಲ್ಲೆಯ ಭದ್ರವಾಹ ಎಂಬಲ್ಲಿ, ಮೆಕ್ಕೆಜೋಳ ಬೆಳೆಯುತ್ತಿದ್ದ ರೈತರು ಲ್ಯಾವೆಂಡರ್ ಹಚ್ಚತೊಡಗಿದ್ದಾರೆ. 2016ರಿಂದೀಚೆಗೆ ಸರಕಾರದ ಸಂಶೋಧನಾ ಪರಿಷತ್ತು ಸುಗಂಧ ಬೆಳೆಗಳ ಯೋಜನೆಯೊಂದನ್ನು ನಡೆಸಿ ಇದಕ್ಕೆ ಇಂಬುಕೊಟ್ಟಿತು. ಲ್ಯಾವೆಂಡರ್ ಎಂಬ ಶಬ್ದವು ತೊಳೆಯುವದು ಎಂಬ ಅರ್ಥದ ಲ್ಯಾಟಿನ ಧಾತುವಿನಿಂದ ಬಂದಿತೆಂದು ಸಾಮಾನ್ಯವಾಗಿ ಹೇಳುವರು. ನಿರುಕ್ತದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಅದು ನಿಜವಾಗಿದ್ದರೆ, ತೊಳೆಯುವದರಿಂದಲೇ ಹೆಸರಾದ ಹಾವೇರಿಗೆ ಈ ಹೂವು ತೀರ ಪರಕೀಯವೇನಲ್ಲ.

ಎಣ್ಣೆ ತೆಗೆಯುವ ಬಗೆ ಸರಳ. ಹೂಬಿಟ್ಟ ತೆನೆಗಳನ್ನು ದೊಡ್ಡ ಹಂಡೆಯಲ್ಲಿ ತುಂಬಿ ಕೆಳಗಿನಿಂದ ಉಗಿಯನ್ನು ಹಾಯಿಸುವರು. ಹೂವಿನ ಎಣ್ಣೆಯ ಅಂಶಗಳು ತಾವಾಗಿ ಕುದಿಯಬೇಕಾದರೆ ಸುಮಾರು ಇನ್ನೂರು ಡಿಗ್ರಿಗಳಷ್ಟು ಕಾವು ಬೇಕು. ಅಷ್ಟು ಕಾವಿನಲ್ಲಿ ಹೂವು ಕರಕಾಗಿ ಹೋದೀತು. ಆದರೆ ಉಗಿಯ ಸಂಗಡ ಅವು ನೂರು ಡಿಗ್ರಿಯೊಳಗೇ ಎದ್ದು ಬರುತ್ತವೆ. ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಹಾಯ್ದು ಉಗಿಯು ಮರಳಿ ನೀರಾಗುವಾಗ ಎಣ್ಣೆ ಮೇಲೆ ತೇಲುತ್ತದೆ, ಅದನ್ನು ತೆಗೆದುಕೊಳ್ಳುವರು. ನೂರು ಕಿಲೋ ಹೂವಿಗೆ ಎಣ್ಣೆ ಸಿಗುವದು ಒಂದು ಕಿಲೋದ ಆಸುಪಾಸಿನಲ್ಲಿ. ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲ. 1914ರ ಮಹಾಯುದ್ಧದಿಂದ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗುವದು ನಿಂತಾಗ ಮೈಸೂರು ಸಂಸ್ಥಾನವು ತಾನೇ ಎಣ್ಣೆ ತೆಗೆಯಲು ಮನಸ್ಸು ಮಾಡಿ, 1916ರಲ್ಲಿ ಆ ಉದ್ಯೋಗವನ್ನು ಆರಂಭಿಸಿತು.

ಲ್ಯಾವೆಂಡರ್ ಎಣ್ಣೆಯಲ್ಲಿ ಮುಖ್ಯವಾದ ಅಂಶಗಳು ಎರಡು. ಲಿನಲೂಲ್ ಎಂಬದೊಂದು; ಅದರಿಂದಲೇ ಆದ ಲಿನಲೈಲ್ ಎಸಿಟೇಟ್ ಎಂಬದಿನ್ನೊಂದು. ಒಳ್ಳೆಯ ಎಣ್ಣೆಯಲ್ಲಿ ಇವೆರಡೂ ಕೂಡಿ ಅರ್ಧಕ್ಕಿಂತ ಹೆಚ್ಚು ಪಾಲು ಇರುತ್ತವೆ, ಕರ್ಪೂರದ ಅಂಶವು ತೀರ ಅಲ್ಪ. ಕಡಿಮೆ ಬೆಲೆಯ ಮಿಶ್ರತಳಿಯ ಎಣ್ಣೆಯಲ್ಲಿ ಕರ್ಪೂರ ಹೆಚ್ಚು, ಆದ್ದರಿಂದ ಅದರ ವಾಸನೆ ಮೂಗಿಗೆ ಚುಚ್ಚುತ್ತದೆ. ಇಲ್ಲಿ ಒಂದು ವಿನೋದದ ಸಂಗತಿಯುಂಟು. ದೂರದ ಹೂವಿನ ಜೀವಾಳವೆಂದು ಹೊಗಳಲ್ಪಡುವ ಈ ಲಿನಲೂಲ್ ಹಾವೇರಿಯ ಪ್ರತಿಯೊಂದು ಅಡಿಗೆಮನೆಯ ಡಬ್ಬಿಯಲ್ಲಿಯೂ ಇದೆ. ಹವೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಯಾಲಕ್ಕಿಯಲ್ಲಿಯೂ ಲಿನಲೂಲ್, ಲಿನಲೈಲ್ ಎಸಿಟೇಟ್‌ಗಳು ಅಷ್ಟಿಷ್ಟು ಇರುತ್ತವೆ. ಹಾಗೆಂದು ಹವೀಜವನ್ನು ದಿಂಬಿನಲ್ಲಿ ತುಂಬಿಕೊಂಡು ಲ್ಯಾವೆಂಡರ್ ಎಂದು ಭಾವಿಸಬೇಕಾಗಿಲ್ಲ. ಹವೀಜದ ಲಿನಲೂಲಿಗೂ ಲ್ಯಾವೆಂಡರಿನದಕ್ಕೂ ಎಡಗೈಗೂ ಬಲಗೈಗೂ ಇರುವಂಥ ಭೇದವಿದೆ: ಕಟ್ಟಡ ಒಂದೇ, ಒಂದು ಇನ್ನೊಂದರ ಕನ್ನಡಿಯ ಬಿಂಬ. ಮೂಗು ಈ ಭೇದವನ್ನು ಬಲ್ಲದು.

ಯಾಲಕ್ಕಿಯ ಎಣ್ಣೆಯಲ್ಲಿ ಹೆಚ್ಚಾಗಿರುವ ಅಂಶಗಳಲ್ಲೊಂದು ಸಿನಿಯೋಲ್. ನೀಲಗಿರಿ ಎಣ್ಣೆಯ ತಂಪು ಘಾಟು ಬರುವದು ಇದರಿಂದಲೇ. ರಾಣೆಬೆನ್ನೂರಿನ ಸಮೀಪದಲ್ಲಿ 119 ಚದರ ಕಿಲೋಮೀಟರುಗಳ ಕೃಷ್ಣಮೃಗಗಳ ಅಭಯಾರಣ್ಯವಿದೆ. 1974ರಲ್ಲಿ ಅದನ್ನು ಸಾರಲಾಯಿತು. ಅಲ್ಲಿ ಕುರುಚಲು ಕಾಡಿನೊಡನೆ ನೀಲಗಿರಿಯ ನೆಡುತೋಪುಗಳೂ ಇವೆ. ಆ ದಾರಿಯಲ್ಲಿ ಹೋಗುವವರು ಒಂದು ಎಲೆಯನ್ನು ಹೊಸಕಿ ಮೂಸಿ ನೋಡಿ, ಮನೆಗೆ ಬಂದು ಒಂದು ಯಾಲಕ್ಕಿಯ ಬೀಜವನ್ನು ಕಚ್ಚಿದರೆ, ಎರಡರ ನಡುವಿನ ನಂಟು ಪುಸ್ತಕದ ಸಹಾಯವಿಲ್ಲದೆ ತಿಳಿದೀತು. ಪೇಟೆಯ ಸೀಸೆಯಲ್ಲಿರುವ ನೀಲಗಿರಿ ಎಣ್ಣೆ ಬೇರೆ ಜಾತಿಯ ಮರದ್ದು. ಅಂಶ ಮಾತ್ರ ಅದೇ.

ಇನ್ನು ಗುಣದ ಮಾತು. ಗಂಧಚಿಕಿತ್ಸೆಯ ಕಥೆ ಹೇಳುವವರೆಲ್ಲರೂ ಫ್ರಾನ್ಸಿನ ರೆನೆ ಮೋರಿಸ್ ಗಟೆಫೋಸೆ ಎಂಬ ರಸಾಯನಜ್ಞನಿಂದ ಆರಂಭಿಸುವರು. 1910ರಲ್ಲಿ ಆತನ ಪ್ರಯೋಗಶಾಲೆಯಲ್ಲಿ ಸ್ಫೋಟವಾಗಿ ಕೈ ಸುಟ್ಟಿತು. ಆತನು ಕೈಯನ್ನು ಹತ್ತಿರದ ಲ್ಯಾವೆಂಡರ್ ಎಣ್ಣೆಯ ಪಾತ್ರೆಯಲ್ಲಿ ಅದ್ದಿದನು. ಕಲೆಯೂ ಉಳಿಯದೆ ಗಾಯ ಮಾಯ್ದಿತು ಎಂಬದು ಜನಪ್ರಿಯ ಕಥೆ. ಆತನು ತಾನೇ ಬರೆದಿಟ್ಟದ್ದು ಇಷ್ಟು ಸುಲಭವಾಗಿಲ್ಲ. ಉರಿಯನ್ನು ಆರಿಸಲು ಆತನು ಹುಲ್ಲಿನ ಮೇಲೆ ಹೊರಳಾಡಿದನು; ಆಮೇಲೆ ಗಾಯವು ಕೊಳೆಯತೊಡಗಿತು; ಆಗ ಲ್ಯಾವೆಂಡರ್ ಎಣ್ಣೆಯಿಂದ ತೊಳೆದಾಗ ಕೊಳೆ ನಿಂತಿತು. 1937ರಲ್ಲಿ ಆತನು ಅರೋಮಾಥೆರಪಿ ಎಂಬ ಹೆಸರಿನ ಗ್ರಂಥವನ್ನೇ ಬರೆದನು. ಈ ಎಣ್ಣೆಯು ಕೆಲವು ಸೂಕ್ಷ್ಮಜೀವಿಗಳನ್ನು ಕೊಲ್ಲುವದು ಪ್ರಯೋಗಶಾಲೆಯಲ್ಲಿ ಕಂಡ ಮಾತು. ಆದರೆ ಈಗ ಶುದ್ಧ ನೀರು, ಸ್ವಚ್ಛ ಬಟ್ಟೆ, ತಕ್ಕ ಮದ್ದುಗಳಿರುವಾಗ ಸುಟ್ಟ ಗಾಯಕ್ಕೆ ಅದನ್ನು ಸುರಿಯುವದು ಜಾಣತನವಲ್ಲ.

ಮನಸ್ಸಿನ ಮೇಲಿನ ಪರಿಣಾಮದ ವಿಷಯದಲ್ಲಿ ಹೆಚ್ಚಿನ ಕೆಲಸ ನಡೆದಿದೆ. ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯನ್ನು ಗುಳಿಗೆಯಲ್ಲಿ ತುಂಬಿ ಒಳಗೆ ಕೊಡುವ ಔಷಧವೊಂದಿದೆ. ಸದಾ ಕಳವಳದ ವ್ಯಾಧಿಯಿರುವ 539 ಜನರ ಮೇಲೆ ಹತ್ತು ವಾರ ಅದನ್ನು ಪರೀಕ್ಷಿಸಿ 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಸಿಗುಳಿಗೆಗಿಂತ ಅದು ಮೇಲಾಗಿ ಕಂಡಿತು. ಗುಳಿಗೆಯನ್ನು ಮಾಡುವವರೇ ಪರೀಕ್ಷೆಯ ವೆಚ್ಚವನ್ನು ವಹಿಸಿದ್ದರೆಂಬದನ್ನೂ ಕೂಡಿಸಿ ಓದಬೇಕು. ಮತ್ತು ಅಳತೆಮಾಡಿ ಶುದ್ಧಿಮಾಡಿದ ಆ ಗುಳಿಗೆಗೂ ಪೇಟೆಯ ಸೀಸೆಗೂ ಸಂಬಂಧವಿಲ್ಲ. ಸೀಸೆಯ ಎಣ್ಣೆಯನ್ನು ಕುಡಿಯಲೇ ಬಾರದು. ಮೂಸುವ ಎಣ್ಣೆಯ ಪರೀಕ್ಷೆಗಳಲ್ಲಿ ಬೇರೊಂದು ತೊಡಕಿದೆ. ಹುಸಿಗುಳಿಗೆಯನ್ನು ನಿಜವಾದ ಗುಳಿಗೆಯಂತೆಯೇ ಮಾಡಬಹುದು, ಹುಸಿಕಂಪನ್ನು ಮಾಡುವದು ಹೇಗೆ? ಮೂಗಿಗೆ ಕಂಪು ಬಂದೊಡನೆ ಮನಸ್ಸಿಗೆ ತಿಳಿದುಹೋಗುತ್ತದೆ. ಆದುದರಿಂದ ಮೂಸಿದವರಿಗೆ ಸಮಾಧಾನವಾಯಿತೆಂದು ಸಣ್ಣ ಪರೀಕ್ಷೆಗಳು ಹೇಳಿದಾಗ, ಸಮಾಧಾನವನ್ನು ಕೊಟ್ಟದ್ದು ಎಣ್ಣೆಯೋ ನಂಬಿಕೆಯೋ ಎಂದು ಬಿಡಿಸಿ ಹೇಳುವದು ಕಠಿಣ.

ಇಲಿಗಳಿಗೆ ಈ ನಂಬಿಕೆಯ ಕಾಟವಿಲ್ಲ. ಜಪಾನಿನ ಕಾಗೋಶಿಮಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲಿನಲೂಲಿನ ವಾಸನೆಯನ್ನು ಕುಡಿಸಿದ ಇಲಿಗಳ ಅಂಜಿಕೆ ಕಡಿಮೆಯಾಯಿತು. ಮೂಗಿನ ಶಕ್ತಿಯನ್ನು ಕೆಡಿಸಿದ ಇಲಿಗಳಲ್ಲಿ ಅದೇ ವಾಸನೆ ಏನೂ ಮಾಡಲಿಲ್ಲ. ಎಂದರೆ, ಉಸಿರಿನ ಮೂಲಕ ರಕ್ತಕ್ಕೆ ಸೇರಿ ಮದ್ದಿನಂತೆ ಕೆಲಸ ಮಾಡಿತೆನ್ನುವದಕ್ಕಿಂತ, ಮೂಗಿನಿಂದ ಮಿದುಳಿಗೆ ಹೋಗುವ ನರದ ದಾರಿಯಿಂದಲೇ ಆ ಸಮಾಧಾನ ಬಂದಿತು. ಆ ದಾರಿ ಬಹಳ ಹತ್ತಿರದ್ದು. ಕಣ್ಣು ಕಿವಿಗಳ ಸುದ್ದಿ ಮಿದುಳಿನಲ್ಲಿ ಒಂದು ಕಟ್ಟೆಯನ್ನು ದಾಟಿ ಮುಂದೆ ಹೋಗುವದಾದರೆ, ವಾಸನೆಯ ಸುದ್ದಿ ಆ ಕಟ್ಟೆಗೆ ಕಾಯದೆ ಭಯ ನೆನಪುಗಳ ಸ್ಥಾನಕ್ಕೆ ನೇರವಾಗಿ ಹೋಗುತ್ತದೆ. ಹೊಸ ಸೀರೆಯ ಪೆಟ್ಟಿಗೆ ತೆರೆದಾಗ ತವರುಮನೆ ನೆನಪಾಗುವದು ಇದರಿಂದಲೇ.

ಹಾಗಾದರೆ ಮೂಗೇ ಹೋದವರ ಗತಿಯೇನು?

ಹಾವೇರಿಯ ಒಂದು ಮನೆಯಲ್ಲಿ ಅರುವತ್ತು ದಾಟಿದ ಒಬ್ಬ ತಾಯಿಯಿದ್ದಾಳೆ. ಅಕ್ಷರ ಬಲ್ಲವಳು, ಆದರೆ ಆಕೆಯ ನಿಜವಾದ ವಿದ್ಯೆ ಮೂಗಿನಲ್ಲಿದ್ದಿತು. ಪ್ರತಿ ವರುಷ ಮಾಘ ಮಾಸದಲ್ಲಿ ಬ್ಯಾಡಗಿಯ ಅಡತಿ ಅಂಗಡಿಗೆ ಹೋಗಿ, ಚೀಲದಿಂದ ಒಂದು ಹಿಡಿ ಡಬ್ಬಿ ಮೆಣಸಿನಕಾಯಿಯನ್ನು ತೆಗೆದು ಮೂಸಿ, ಇದು ಈ ವರುಷದ ಮಾಲೋ ಶೀತಾಗಾರದಲ್ಲಿ ಮಲಗಿ ಎದ್ದ ಹೋದ ವರುಷದ್ದೋ ಎಂದು ಹೇಳಬಲ್ಲವಳಾಗಿದ್ದಳು. ನೆರೆಹೊರೆಯವರು ವರುಷದ ಮಸಾಲಿ ಖಾರ ಮಾಡಿಸುವ ಮೊದಲು ಆಕೆಯನ್ನು ಕೇಳುತ್ತಿದ್ದರು. 2020ರ ಗಣೇಶ ಚತುರ್ಥಿಯ ಮರುವಾರ ಆಕೆಗೆ ಕೋವಿಡ್ ಜ್ವರ ಬಂದಿತು. ಜ್ವರ ಒಂದು ವಾರದಲ್ಲಿ ಇಳಿಯಿತು. ಜ್ವರದೊಡನೆ ಹೋದ ವಾಸನೆ ಮಾತ್ರ ಮರಳಲಿಲ್ಲ.

ಕಣ್ಣು ಹೋದರೆ ಊರೆಲ್ಲ ಮರುಗುತ್ತದೆ. ಮೂಗು ಹೋದರೆ ನಗುವವರೇ ಹೆಚ್ಚು. ಹಾಲು ಉಕ್ಕಿ ಹೊತ್ತಿದ್ದು ಆಕೆಗೆ ತಿಳಿಯಲಿಲ್ಲ. ಒಗ್ಗರಣೆ ಸೀದದ್ದು ತಿಳಿಯಲಿಲ್ಲ. ಹುಳಿ ಹಳಸಿತೆಂದು ಮೊಮ್ಮಗಳು ಬಾಯಿಗಿಟ್ಟ ಮೇಲೆ ಹೇಳಬೇಕಾಯಿತು. ಮುಂದಿನ ಮಾಘದಲ್ಲಿ ಬ್ಯಾಡಗಿಯ ಅಂಗಡಿಗೆ ಹೋದಾಗ ಘಾಟಿಗೆ ಸೀನು ಬಂದಿತು, ಕಣ್ಣಲ್ಲಿ ನೀರು ಬಂದಿತು, ವಾಸನೆ ಬರಲಿಲ್ಲ. ಇದು ವಿಚಿತ್ರವೆನಿಸಿದರೂ ಶರೀರಶಾಸ್ತ್ರಕ್ಕೆ ಸರಿಯೇ: ಘಾಟನ್ನು ಅರಿಯುವ ನರ ಬೇರೆ, ವಾಸನೆಯನ್ನು ಅರಿಯುವ ನರ ಬೇರೆ. ಆಕೆ ಮೆಣಸಿನಕಾಯಿಯನ್ನು ಚೀಲಕ್ಕೆ ಮರಳಿ ಹಾಕಿ, ಅಡತಿಯವನು ಕೊಟ್ಟದ್ದನ್ನು ತೆಗೆದುಕೊಂಡು ಬಂದಳು. ಆ ವರುಷ ಯಾರಿಗೂ ಆಕೆ ಅಭಿಪ್ರಾಯ ಹೇಳಲಿಲ್ಲ.

ಒಂದು ರಾತ್ರಿ ಒಲೆಯ ಗುಂಡಿ ಅರ್ಧ ತಿರುಗಿ ಉಳಿದು ಗ್ಯಾಸು ಸೋರಿತು. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದೇ ಅದರಲ್ಲಿ ಕೊಳೆತ ಕೋಸಿನಂಥ ದುರ್ವಾಸನೆಯನ್ನು ಬೆರೆಸಿರುತ್ತಾರೆ. ಆಕೆ ಅಲ್ಲಿಯೇ ಕುಳಿತು ಹೂಬತ್ತಿ ಹೊಸೆಯುತ್ತಿದ್ದಳು. ಹಿತ್ತಲ ಬಾಗಿಲಿಗೆ ಬಂದ ನೆರೆಮನೆಯವಳು ಕೂಗಿಕೊಂಡದ್ದರಿಂದ ಅನಾಹುತ ತಪ್ಪಿತು. ಅಂದಿನಿಂದ ಆಕೆಗೆ ನಿದ್ರೆ ದೂರವಾಯಿತು. ರಾತ್ರಿ ಮೂರು ನಾಲ್ಕು ಸಲ ಎದ್ದು ಸಿಲಿಂಡರಿನ ಗುಂಡಿಯನ್ನು ಮುಟ್ಟಿ ನೋಡುವಳು, ಮಲಗುವಳು, ಮತ್ತೆ ಏಳುವಳು.

ಬೆಂಗಳೂರಿನ ಮಗಳಿಗೆ ತಿಳಿದದ್ದು ನಿದ್ರೆಯಿಲ್ಲವೆಂಬಷ್ಟೇ. ದೀಪಾವಳಿಗೆ ಬರುವಾಗ ಲ್ಯಾವೆಂಡರಿನ ಸೀಸೆ ತಂದಳು. "ಅವ್ವಾ, ಮಲಗೂ ಮುಂದ ದಿಂಬಿನ ಮ್ಯಾಲ ಎರಡ ಹನಿ ಹಾಕ್ಕೊ, ಛಲೋ ನಿದ್ದಿ ಬರತೈತಿ" ಎಂದಳು. ತಾಯಿ ಬಿರಡೆ ತೆಗೆದು ಮೂಗಿಗೆ ಹಿಡಿದು, "ಇದು ನೀರ ಐತೇನವಾ? ನನಗೇನೂ ತಿಳೀವಲ್ದು" ಎಂದಳು. ವರುಷವಾದರೂ ವಾಸನೆ ಮರಳಿಲ್ಲವೆಂಬದು ಮಗಳಿಗೆ ಗೊತ್ತಾದದ್ದು ಆಗ.

ನಿದ್ರೆಯನ್ನು ಮರಳಿ ತಂದದ್ದು ಮಗನು ಗೋಡೆಗೆ ಹೊಡೆದ ಒಂದು ಯಂತ್ರ. ಗ್ಯಾಸು ಸೋರಿದರೆ ಕಿರಿಚುವ ಆ ಪೆಟ್ಟಿಗೆಯು ನೆಲದಿಂದ ಗೇಣುದ್ದ ಮೇಲೆ ಇರಬೇಕು, ಯಾಕಂದರೆ ಅಡಿಗೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಕೆಳಗೆ ಹರಡುತ್ತದೆ. ಕಾರಣವನ್ನು ವಿಚಾರಿಸದೆ ಕಂಪನ್ನು ಕೊಡುವದು ಗಂಧಚಿಕಿತ್ಸೆಯ ದೊಡ್ಡ ದೋಷ. ನಿದ್ರೆಗೇಡಿಗೆ ನೂರು ಕಾರಣಗಳುಂಟು. ಅವುಗಳಲ್ಲಿ ಕೆಲವಕ್ಕೆ ವೈದ್ಯರು ಬೇಕು, ಕೆಲವಕ್ಕೆ ಹಣ ಬೇಕು, ಕೆಲವಕ್ಕೆ ಗೋಡೆಯ ಮೇಲೊಂದು ಪೆಟ್ಟಿಗೆ ಸಾಕು.

ಆದರೂ ಸುಗಂಧ ತೈಲಗಳು ಆ ಮನೆಯಲ್ಲಿ ವ್ಯರ್ಥವಾಗಲಿಲ್ಲ. ದಾವಣಗೆರೆಯ ಕಿವಿ ಮೂಗು ಗಂಟಲಿನ ವೈದ್ಯರೊಬ್ಬರು ಆಕೆಯನ್ನು ನೋಡಿ, ಮಾತ್ರೆಗಳನ್ನು ಬರೆಯದೆ, ನಾಲ್ಕು ಸೀಸೆಗಳನ್ನು ಇಟ್ಟುಕೊಳ್ಳಲು ಹೇಳಿದರು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಜರ್ಮನಿಯ ಡ್ರೆಸ್ಡೆನ್ ನಗರದ ಥಾಮಸ್ ಹುಮ್ಮೆಲ್ ಎಂಬ ವೈದ್ಯರೂ ಅವರ ಸಂಗಡಿಗರೂ 2009ರಲ್ಲಿ ಪ್ರಕಟಿಸಿದ ಪದ್ಧತಿಯಿದು. ದಿನಕ್ಕೆ ಎರಡು ಸಲ, ಬೆಳಗೂ ಬೈಗೂ, ಒಂದೊಂದನ್ನು ಹತ್ತು ಹದಿನೈದು ಸೆಕೆಂಡುಗಳ ಕಾಲ ಮೂಸಬೇಕು. ಹನ್ನೆರಡು ವಾರ ಬಿಡಬಾರದು. ಮೂಸುವಾಗ ಆ ವಸ್ತುವನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಇದು ಚಿಕಿತ್ಸೆಗಿಂತ ಗರಡಿಯ ಸಾಧನೆಗೆ ಹತ್ತಿರ. ಕೋವಿಡ್ ವಿಷಾಣುವು ಬಹಳ ಮಾಡಿ ವಾಸನೆಯ ನರತಂತುಗಳನ್ನು ಕೊಲ್ಲದೆ, ಅವುಗಳಿಗೆ ಆಸರೆಯಾದ ಜೀವಕೋಶಗಳನ್ನು ಕೆಡಿಸುತ್ತದೆ. ಮತ್ತು ಮೂಗಿನ ನರಕೋಶಗಳು ಹಳತು ಹೋಗಿ ಹೊಸತು ಹುಟ್ಟುವ ಜಾತಿಯವು. ಹೊಸತಾಗಿ ಹುಟ್ಟಿದ ಕೋಶಗಳು ಸರಿಯಾದ ದಾರಿ ಹಿಡಿಯಲು ಅಭ್ಯಾಸವು ನೆರವಾಗುವದೆಂದು ಊಹೆ. ಎಲ್ಲರಿಗೂ ಗುಣವಾಗುವದಿಲ್ಲ, ಹಲವರಿಗೆ ತಕ್ಕಮಟ್ಟಿಗೆ ಆಗುತ್ತದೆ; ತಾನಾಗಿಯೇ ಮರಳುವವರೂ ಉಂಟು. ಆದರೂ ಸುಗಂಧ ತೈಲಗಳ ಉಪಯೋಗಗಳಲ್ಲಿ ಇದರಷ್ಟು ಸಾಕ್ಷಿಯುಳ್ಳದ್ದು ವಿರಳ.

ಮೊದಲ ತಿಂಗಳು ನೀಲಗಿರಿಯಲ್ಲಿ ಬರಿಯ ತಂಪು ಸಿಕ್ಕಿತು, ವಾಸನೆಯಲ್ಲ. ಎರಡನೆಯ ತಿಂಗಳಲ್ಲಿ ಲವಂಗವು, ಬಹುದೂರದಲ್ಲಿ ಯಾರೋ ಕೂಗಿದಂತೆ, ಒಮ್ಮೊಮ್ಮೆ ಬಂದು ಹೋಗತೊಡಗಿತು. ಆಮೇಲೆ ಬಂದದ್ದು ಹಿಂಸೆಯ ಕಾಲ. ಹುರಿದ ಉಳ್ಳಾಗಡ್ಡಿ ಕೊಳೆತ ವಸ್ತುವಿನಂತೆ ನಾರಿತು, ಬೆಳ್ಳುಳ್ಳಿಯೂ ಹಾಗೆಯೇ. ಊಟ ಕಡಿಮೆಯಾಗಿ ಮೈ ಇಳಿಯಿತು. ಇದು ಕೆಟ್ಟ ಲಕ್ಷಣವಲ್ಲ, ನರಗಳು ಎಚ್ಚರಾಗುತ್ತ ತಪ್ಪು ಓದುವ ಹಂತವೆಂದು ವೈದ್ಯರು ಸಮಾಧಾನ ಹೇಳಿದರು. ಆಕೆ ಬಿಡದೆ ಮೂಸಿದಳು. ನಾಲ್ಕು ಸೀಸೆಗಳ ಜೊತೆಗೆ ತನ್ನ ಬುದ್ಧಿಯಿಂದಲೇ ಐದನೆಯದಾಗಿ ಯಾಲಕ್ಕಿಯನ್ನು ಸೇರಿಸಿಕೊಂಡಳು. ಗೋಡೆಯ ಮೇಲಿನ ಯಜಮಾನರ ಭಾವಚಿತ್ರಕ್ಕೆ ಹಾಕಿದ್ದ ಮಾಲೆಯಿಂದ ಒಂದು ಕಾಯಿಯನ್ನು ಬಿಡಿಸಿ ಮೂಸಿದಾಗ ಏನೂ ತಿಳಿಯದೆ ಕಣ್ಣೀರು ತಂದುಕೊಂಡಳು. ಮೊಮ್ಮಗಳು ಅದನ್ನು ಕಿತ್ತುಕೊಂಡು ತಾನೂ ಮೂಸಿ, "ಇದಕ್ಕ ವಾಸನಿನ ಇಲ್ಲಮ್ಮಾ, ಹಳೇದು" ಎಂದಳು. ವರುಷಗಟ್ಟಲೆ ಗಾಳಿಗೆ ತೂಗಿದ ಕಾಯಿಯ ಎಣ್ಣೆ ಎಂದೋ ಹಾರಿಹೋಗಿದ್ದಿತು. ಪೇಟೆಯಿಂದ ಹಸಿರು ಯಾಲಕ್ಕಿಯನ್ನು ತಂದು ಕುಟ್ಟಿ ಹಿಡಿದಾಗ ಸ್ವಲ್ಪ ಬಂದಿತು. ಮೊದಲಿನಂತಲ್ಲ, ಅದರ ತಂಪು ಒಂದು ಕಡೆಗೆ, ಸಿಹಿ ಒಂದು ಕಡೆಗೆ, ಎರಡೂ ಕೂಡದ ಹಾಗೆ. ಈಗಲೂ ಆಕೆಯ ಮೂಗು ಪೂರ್ಣವಾಗಿ ಮರಳಿಲ್ಲ. ಮೆಣಸಿನಕಾಯಿಯ ವರುಷವನ್ನು ಹೇಳಲಾರಳು, ಆದರೆ ಹಾಲು ಹೊತ್ತಿದ್ದು ತಿಳಿಯುತ್ತದೆ.

ಮೂಗು ಸರಿಯಿರುವವರಿಗೂ ಸೀಸೆಯನ್ನು ಬಳಸುವ ರೀತಿ ತಿಳಿದಿರಬೇಕು. ಸುಗಂಧ ತೈಲವನ್ನು ನೆಟ್ಟಗೆ ಚರ್ಮಕ್ಕೆ ಹಚ್ಚುವದು ಸಲ್ಲದು. ಒಂದು ಚಮಚ ಕೊಬ್ಬರಿ ಎಣ್ಣೆಗೋ ಎಳ್ಳೆಣ್ಣೆಗೋ ಎರಡು ಹನಿ ಬೆರೆಸಿದರೆ ಬೇಕಾದಷ್ಟಾಯಿತು. ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ಕಾದು ನೋಡುವದು ಒಳಿತು. ಎಳೆಯ ಮಕ್ಕಳ ಮೂಗಿನ ಹತ್ತಿರ ನೀಲಗಿರಿ, ಕರ್ಪೂರಗಳನ್ನು ಸವರುವ ರೂಢಿ ಅನೇಕ ಮನೆಗಳಲ್ಲಿದೆ, ಅದನ್ನು ಬಿಡಬೇಕು. ಒಂದು ಚಮಚ ನೀಲಗಿರಿ ಎಣ್ಣೆಯು ಕೂಸಿನ ಹೊಟ್ಟೆಗೆ ಹೋದರೆ ಸೆಳವು ಬಂದು ಜೀವಕ್ಕೇ ಎರವಾದೀತು. ಉಬ್ಬಸದವರಿಗೆ ಯಾವ ಕಂಪೂ ಕೇಡಾಗಬಹುದು. ಇಷ್ಟು ಎಚ್ಚರದಿಂದ, ದಿನದ ಕೆಲಸ ಮುಗಿದ ಮೇಲೆ ಕರವಸ್ತ್ರಕ್ಕೆ ಒಂದು ಹನಿ ಹಾ­ಕಿಕೊಂಡು ಕಣ್ಣುಮುಚ್ಚಿ ಕುಳಿತವರಿಗೆ ಲ್ಯಾವೆಂಡರ್ ಹಿತವಾದರೆ ಅದನ್ನು ತಪ್ಪೆನ್ನುವವರು ಯಾರು? ಸಂಜೆಯ ಮಲ್ಲಿಗೆಯೂ ಅದನ್ನೇ ಮಾಡುತ್ತದೆ. ಮಲ್ಲಿಗೆಯ ಮೇಲೆ ಗುಣಗಳ ಪಟ್ಟಿ ಅಂಟಿಸಿರುವದಿಲ್ಲ, ಅಷ್ಟೇ.

ಇನ್ನೊಂದು ಸಂಗತಿ ಉಳಿದಿದೆ. ಸೀಸೆಯನ್ನು ಒಮ್ಮೆ ತೆರೆದ ಮೇಲೆ ಲಿನಲೂಲ್ ಗಾಳಿಯೊಡನೆ ಕೂಡಿ ನಿಧಾನವಾಗಿ ಬೇರೆ ಪದಾರ್ಥವಾಗುತ್ತದೆ. ಮೊದಲು ಏನೂ ಮಾಡದ ಎಣ್ಣೆ ಆಮೇಲೆ ಚರ್ಮದ ಮೇಲೆ ತುರಿಕೆ ಗುಳ್ಳೆಗಳನ್ನು ಎಬ್ಬಿಸುವದು ಇದರಿಂದ. ಆದಕಾರಣ ಬಿರಡೆಯನ್ನು ಬಿಗಿಯಾಗಿ ಹಾಕಿ, ತಂಪಾದ ಕತ್ತಲೆಯಲ್ಲಿಟ್ಟು, ತೆರೆದ ತಾರೀಖನ್ನು ಚೀಟಿಯ ಮೇಲೆ ಬರೆದಿಡಬೇಕು. ಹಾವೇರಿಯ ಆ ಮನೆಯ ಸೀಸೆಗೆ ವರುಷ ದಾಟಿದ್ದಿತು. ಮೈಗೆ ಹಚ್ಚಲು ಯೋಗ್ಯವಲ್ಲವೆಂದು ತಿಳಿದ ಮೇಲೆ, ಯುರೋಪಿನ ಹೆಂಗಸರು ಉಣ್ಣೆಯ ಬಟ್ಟೆಗಳ ನಡುವೆ ಈ ಹೂವನ್ನಿಡುವರೆಂದು ಎಲ್ಲಿಯೋ ಓದಿದ್ದ ಮೊಮ್ಮಗಳು ಒಂದು ಚಿಂದಿಗೆ ಅದನ್ನೆಲ್ಲ ಸುರಿದು ಕಂಬಳಿಯ ಪೆಟ್ಟಿಗೆಯೊಳಗಿಟ್ಟಳು. ನುಸಿ ಹೋಯಿತೋ ಇಲ್ಲವೋ, ಮುಂದಿನ ಮಾರ್ಗಶಿರದ ಚಳಿಗೆ ಪೆಟ್ಟಿಗೆ ತೆಗೆದಾಗ ಅಜ್ಜಿ ಕಂಬಳಿಯನ್ನು ಮುಖಕ್ಕೆ ಹಿಡಿದು, "ಏನೋ ಐತಿ, ಕಾಮಕಸ್ತೂರಿ ಹಂಗ" ಎಂದಳು. ಕಾಮಕಸ್ತೂರಿಯೂ ತುಳಸಿಯ ಕುಲದ್ದೇ. ಅದರಲ್ಲಿಯೂ ಲಿನಲೂಲ್ ಇದೆ.